ಉಳಿದ ಎಪ್ಪತ್ತು ಪೆಟ್ಟು

ಬಿಳಿ, ಏನಿದು, ಪೌಡರೋ, ಸುಣ್ಣವೋ, ನೀಲಿ ಸ್ವೆಟರಿನ ಬೆನ್ನ ಮೇಲೆ, ಹೆಗಲಿನಿಂದ ಒಂದು ಗೇಣು ಕೆಳಗೆ, ಒಣಗಿ ಗಟ್ಟಿಯಾದ ಬಿಳಿ, ಉಗುರು ತಾಗಿಸಿದರೆ ಹಕ್ಕಳೆಯ ಹಾಗೆ ಏಳುತ್ತದೆ, ಬೇಡ, ಕಲೆ ತೆಗೆಯುವುದು ನನ್ನ ಕೆಲಸವಲ್ಲ, ನನ್ನ ಕೆಲಸ ಕೊರಳಪಟ್ಟಿಯ ಒಳಗಿನ ಹೆಸರು, ಅರ್ಧ ಬ್ಲೇಡಿನಿಂದ ನಾಲ್ಕು ಮೂಲೆ ಬಿಚ್ಚಿದರೆ ಹೆಸರು ಕೈಗೆ ಬರುತ್ತದೆ, ಹೆಸರು ಕೈಗೆ ಬಂದ ಮೇಲೆ ಬಟ್ಟೆ ಯಾರದೂ ಅಲ್ಲ. ಈ ವೃದ್ಧಾಶ್ರಮದ ಬಟ್ಟೆ ಒಗೆಯುವವಳು ಬೆಳಿಗ್ಗೆ ಬುಟ್ಟಿ ತಂದು ಮೇಜಿನ ಮೇಲೆ ಕುಕ್ಕಿದಳು, ಹದಿನಾಲ್ಕನೇ ರೂಮು, ನಿನ್ನೆ ಸಂಜೆ ಹೋದ್ರು, ಕುರ್ಚಿಯಲ್ಲಿ ಕೂತಲ್ಲೇ, ಪುಣ್ಯವಂತೆ, ಇದನ್ನೆಲ್ಲ ಬಿಚ್ಚಿಟ್ಟುಬಿಡು, ಈ ನೀಲಿದಂತೂ ಮೂರು ವಾರದಿಂದ ಒಗೆಯೋಕೇ ಬಂದಿಲ್ಲ, ಕೇಳಿದ್ರೆ ಕೊಡ್ತಾನೇ ಇರ್ಲಿಲ್ಲ, ಬಿಸಿನೀರಿಗೆ ಹಾಕ್ಬೇಕು — ಅಂದು ಹೋದಳು, ಹದಿನಾಲ್ಕನೇ ರೂಮು ಅಂದರೆ ಟೀಚರಮ್ಮ, ಟೀಚರಮ್ಮ ಅಂದರೆ ಬ್ರೆಡ್ಡಕ್ಕನ ಸ್ವಂತ ಅಕ್ಕ, ಬ್ರೆಡ್ಡಕ್ಕ ಅಂದರೆ ಈ ಪರದೇಶದ ಹಳ್ಳಿಯಲ್ಲಿ ನಮ್ಮನ್ನು ಮೊದಲು ಒಳಗೆ ಕರೆದವಳು, ಹದಿನೆಂಟು ದಿನದಿಂದ ನಾನು ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿರುವುದು ಅವಳಿಂದಲೇ. ಬದುಕಿ ಕೂತಿದ್ದ ಟೀಚರಮ್ಮನಿಗೆ ಹದಿನೆಂಟು ದಿನ ಮೊದಲೇ ಸಾವಿನ ಗಂಟೆ ಹೊಡೆದವನು ನಾನು. ಹೊಡೆದೆ, ಹೋದರು. ಬ್ಲೇಡು ಕೆಳಗಿಡು ಮಹರಾಯ, ಸತ್ತವರ ಸ್ವೆಟರಿಗೆ ನಿನ್ನ ರಕ್ತ ಬೇರೆ ಬೇಡ.

ಹೊಲಿಯುವುದಕ್ಕೆ ಅಂತ ಬಂದವನಲ್ಲ ನಾನು, ಬಂದದ್ದು ಹೆಂಡತಿಯ ಹಿಂದೆ, ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳಿಗೆ ಸಿಕ್ಕಿತು, ಪಟ್ಟಣದಲ್ಲಿ ಮನೆ ಸಿಗಲಿಲ್ಲ, ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಈ ಹಳ್ಳಿ ಸಿಕ್ಕಿತು, ನೂರು ಮನೆ, ಒಂದು ಬೇಕರಿ, ಒಂದು ಅಂಚೆ ಕಚೇರಿ, ಒಂದು ವೃದ್ಧಾಶ್ರಮ, ಎದುರಿಗೆ ಗೋಪುರದಲ್ಲಿ ಗಂಟೆ ಇರುವ ಒಂದು ಕ್ರೈಸ್ತ ದೇವಾಲಯ, ಅಷ್ಟೇ, ಬೀದಿಯ ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ಕೇಳಿಸುತ್ತದೆ. ಅವಳು ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಐವತ್ತರ ಹತ್ತಿರ ಬಂದ ಗಂಡಸು ನಾನು ಮನೆಯ ಕಿಟಕಿ ಒರೆಸುತ್ತಿದ್ದೆ, ಒರೆಸಿದ್ದನ್ನೇ ಒರೆಸುತ್ತಿದ್ದೆ, ರೀ, ಗಾಜು ಸವೆದುಹೋಗುತ್ತೆ, ಹೊರಗೆ ಹೋಗಿ ಬನ್ನಿ, ಅನ್ನುತ್ತಿದ್ದಳು. ನಮ್ಮೂರಿನಲ್ಲಿ ನನ್ನ ಕತ್ತರಿಗೆ ಮರ್ಯಾದೆ ಇತ್ತು, ಕ್ವಾಯರಿನ ಇಪ್ಪತ್ತನಾಲ್ಕು ನಿಲುವಂಗಿ, ಪಾದ್ರಿ ಅಯ್ಯನವರ ಬಿಳಿ ಅಂಗಿ, ಯಾವ ಹೆಗಲು ಎಷ್ಟು ಜಾರು ಅಂತ ನೋಡಿದೊಡನೆ ಹೇಳುತ್ತಿದ್ದೆ, ಇಲ್ಲಿ ಯಾರೂ ಬಟ್ಟೆ ಹೊಲಿಸುವುದಿಲ್ಲ, ಕೊಂಡು ತಂದು ತೊಡುತ್ತಾರೆ. ಮೊದಲ ವಾರ ಬೇಕರಿಯ ಬಾಗಿಲಲ್ಲಿ ನಿಂತು ಏನು ಕೇಳಬೇಕು, ಹೇಗೆ ಕೇಳಬೇಕು ತಿಳಿಯದೆ ಕೋತಿಯ ಹಾಗೆ ಬೆರಳು ತೋರಿಸುತ್ತಿದ್ದವನನ್ನು ಬ್ರೆಡ್ಡಕ್ಕ ಒಳಗೆ ಕರೆದು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು, ಎಪ್ಪತ್ತು ದಾಟಿದ ಹೆಂಗಸು, ಮೊಳಕೈವರೆಗೆ ಹಿಟ್ಟು, ಅವಳ ಏಪ್ರನ್ನಿನ ಹರಿದ ಜೇಬಿನ ಮೇಲೇ ನನ್ನ ಕಣ್ಣು, ಏನು ತಮ್ಮಾ, ಹೊಲಿಯೋಕೆ ಬರುತ್ತಾ ನಿಂಗೆ, ಅಂದಳು — ಅಂದದ್ದು ಅವರ ಭಾಷೆಯಲ್ಲೇ, ನನ್ನ ತಲೆಯೊಳಗೆ ಹೊಕ್ಕ ಮೇಲೆ ಮಾತ್ರ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ, ಇವಳಂತೂ ಮೊದಲ ದಿನವೇ ತಮ್ಮಾ ಅಂದ ಹಾಗೆ ಕೇಳಿಸಿತು, ಇವತ್ತಿನವರೆಗೆ ಹಾಗೇ ಕೇಳಿಸುತ್ತದೆ. ಜೇಬು ಹೊಲಿದುಕೊಟ್ಟೆ, ಮಾರನೇ ದಿನ ನನ್ನ ಕೈ ಹಿಡಿದು ಈ ವೃದ್ಧಾಶ್ರಮದ ಬಾಗಿಲವರೆಗೆ ಕರೆತಂದಳು, ಹೊಸ್ತಿಲ ಹೊರಗೇ ನಿಂತಳು, ಒಳಗೆ ಹೋಗಿ ಕೇಳು, ಅವರಿಗೆ ಹೊಲಿಯೋರು ಬೇಕು, ನಾನು ಬರಲ್ಲ, ಒಲೆ ಉರೀತಾ ಇದೆ ಅಂದಳು. ಯಾಕೆ ಒಳಗೆ ಬರಲಿಲ್ಲ ಅಂತ ಆಗ ನನಗೆ ಅನ್ನಿಸಲೇ ಇಲ್ಲ, ಕೆಲಸ ಸಿಕ್ಕಿದ ಖುಷಿಯಲ್ಲಿ ಕಣ್ಣಿಗೆ ಮಬ್ಬು.

ಕೆಲಸ ಅಂದರೆ ಹೆಸರು ಹೊಲಿಯುವುದು, ಐವತ್ತಮೂರು ಜನರ ಅಂಗಿ, ಚಡ್ಡಿ, ಕಾಲುಚೀಲ, ಎಲ್ಲ ಒಂದೇ ಮೆಷೀನಿಗೆ ಬಿದ್ದು ತಿರುಗುತ್ತವಲ್ಲ, ಯಾರದು ಯಾರಿಗೆ ಅಂತ ತಿಳಿಯಬೇಕಲ್ಲ, ಬೆರಳಗಲದ ಬಿಳಿ ಪಟ್ಟಿಯ ಮೇಲೆ ಹೆಸರು, ರೂಮಿನ ನಂಬರು, ಯಾರಾದರೂ ಬಂದರೆ ಹೊಲಿಯುತ್ತೇನೆ, ಯಾರಾದರೂ ಹೋದರೆ ಬಿಚ್ಚುತ್ತೇನೆ, ನೀವು ಇಲ್ಲೂ ಸಭೆಯ ಹುಟ್ಟು ಸಾವಿನ ರಿಜಿಸ್ಟರು ಬರೆಯೋ ಹಾಗಾಯ್ತು ಬಿಡಿ, ಅಂತ ಹೆಂಡತಿ ನಗುತ್ತಾಳೆ. ಟೀಚರಮ್ಮನದು ಮೊದಲ ದಿನವೇ ಜಗಳ, ನನ್ನ ಹೆಸರು ನನಗೆ ಗೊತ್ತಿದೆ, ನನ್ನ ಸ್ವೆಟರಿಗೆ ಯಾಕೆ ಹೇಳ್ಬೇಕು, ಅಂದರು, ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದ ದನಿ, ನಾನು ಐದನೇ ಕ್ಲಾಸಿನವನಾಗಿ ಕೈಕಟ್ಟಿ ನಿಂತೆ, ಕೊನೆಗೆ ಒಪ್ಪಿದರು, ಹೊಲಿಗೆ ನೇರ ಇರ್ಲಿ, ಸೊಟ್ಟಗಾದ್ರೆ ಬಿಚ್ಚಿಸ್ತೀನಿ, ಈ ನೀಲಿ ಸ್ವೆಟರಿನ ಪಟ್ಟಿಯನ್ನು ಎರಡು ಸಲ ಬಿಚ್ಚಿಸಿದರು, ಮೂರನೇ ಸಲ ಕನ್ನಡಕ ಏರಿಸಿ ನೋಡಿ, ಪಾಸು, ಅಂದರು. ಹನ್ನೊಂದು ಗಂಟೆಗೆ ಕಾಲುಚೀಲ ಕೊಡಲು ಹೋದಾಗೆಲ್ಲ ನೋಡಿದ್ದೇನೆ, ತಟ್ಟೆಯಲ್ಲಿ ಬ್ರೆಡ್ಡು ಹಾಗೇ ಇರುತ್ತಿತ್ತು, ಸುತ್ತಲಿನ ಅಂಚು ಮಾತ್ರ ಕಿತ್ತು ತಿಂದು ನಡುವಿನದನ್ನು ಬೆರಳಿನಿಂದ ದೂರ ತಳ್ಳಿರುತ್ತಿದ್ದರು, ಈ ವೃದ್ಧಾಶ್ರಮಕ್ಕೆ ಬರುವ ಬ್ರೆಡ್ಡು ತಂಗಿಯ ಬೇಕರಿಯದೇ, ಇಷ್ಟು ಒಳ್ಳೆ ಬ್ರೆಡ್ಡಿನ ಹೊಟ್ಟೆಯನ್ನೇ ಬಿಡುತ್ತಾರಲ್ಲ, ವಯಸ್ಸಾದವರ ಹಟ, ಅಂದುಕೊಂಡಿದ್ದೆ. ಈಚೆಗೆ ತಟ್ಟೆ ಖಾಲಿ ಇರುತ್ತಿತ್ತು, ಅದನ್ನೂ ನೋಡಿದ್ದೆ, ನೋಡಿ ಏನು ತಿಳಿಯಿತು, ಏನೂ ಇಲ್ಲ, ನನ್ನ ತಲೆಯೊಳಗೆ ಗಂಟೆ ಹೊಡೆಯುತ್ತಿದ್ದರೆ ಬೇರೆಯವರ ತಟ್ಟೆ ಹೇಗೆ ಕಂಡೀತು.

ಗಂಟೆ. ಆ ದೇವಾಲಯದಲ್ಲಿ ಭಾನುವಾರ ಹದಿನಾಲ್ಕು ಜನ, ನಾವಿಬ್ಬರು ಸೇರಿ ಹದಿನಾರು, ಅಯ್ಯನವರು ಎರಡು ವಾರಕ್ಕೊಮ್ಮೆ ಕಾರಿನಲ್ಲಿ ಬರುತ್ತಾರೆ, ಪುಸ್ತಕ ನೋಡಿಕೊಂಡು ಎಲ್ಲರೂ ಪ್ರಾರ್ಥನೆ ಓದುತ್ತಾರೆ, ನಾನೂ ತುಟಿ ಆಡಿಸುತ್ತೇನೆ, ಅರ್ಥ ಗೊತ್ತು, ಒಂದೊಂದು ಮಾತಿನ ಅರ್ಥವೂ ಗೊತ್ತು, ಆದರೆ ತುಟಿಯಿಂದ ಕೆಳಗೆ ಇಳಿಯುವುದಿಲ್ಲ, ಮೊದಮೊದಲು ಪ್ರಯಾಣದ ಸುಸ್ತು ಅಂದುಕೊಂಡೆ, ಆಮೇಲೆ ಚಳಿ ಅಂದುಕೊಂಡೆ, ವರ್ಷ ಕಳೆದ ಮೇಲೆ ಭಯವಾಯಿತು, ಮನೆಯಲ್ಲಿ ಒಬ್ಬನೇ ಕೂತು ಕನ್ನಡದಲ್ಲಿ ಶುರು ಮಾಡಿದರೂ ಅಷ್ಟೇ, ಎರಡು ಮಾತು ಆಗುವಷ್ಟರಲ್ಲಿ ಗ್ಯಾಸ್ ಆರಿಸಿದೆನೇ, ಬಸ್ಸು ಬಂತೇ, ಹೆಂಡತಿಗೂ ಹೇಳಲಿಲ್ಲ, ಹೇಗೆ ಹೇಳುವುದು, ಕಳೆದುಹೋದದ್ದು ಛತ್ರಿಯೇ. ಗೋಪುರದ ಗಂಟೆ ಎರಡು ವರ್ಷದಿಂದ ಮೂಕ, ಹೊಡೆಯುತ್ತಿದ್ದ ಅಂಚೆಯಣ್ಣನ ಭುಜ ಕೆಟ್ಟು ಕೈ ಮೇಲೇಳುವುದಿಲ್ಲ, ನಾವು ಬಂದಾಗಿನಿಂದ ಅದರ ದನಿ ಕೇಳಿಯೇ ಇರಲಿಲ್ಲ, ಸತ್ತವರಿಗೂ ಇಲ್ಲ, ಇದ್ದವರಿಗೂ ಇಲ್ಲ. ಒಂದು ಭಾನುವಾರ ಅಯ್ಯನವರು, ಯಾರಾದರೂ ಹೊಡೀತೀರಾ, ಅಂದರು, ಹದಿನಾಲ್ಕು ಜನರೂ ತಮ್ಮ ತಮ್ಮ ಭುಜ ನೋಡಿಕೊಂಡರು, ನನ್ನ ಕೈ ತಾನಾಗಿ ಮೇಲೆದ್ದಿತು, ಹೆಂಡತಿ ತೊಡೆ ಚಿವುಟಿದಳು, ಎದ್ದ ಕೈ ಇಳಿಯಲಿಲ್ಲ, ನನ್ನಪ್ಪ ಗಂಟೆ ಹೊಡೆಯುತ್ತಿದ್ದರು, ಅಂದೆ, ಈ ಊರಿಗೆ ಬಂದು ನಾನಾಗಿ ಆಡಿದ ಮೊದಲ ಮಾತು ಅದು, ಅಂಚೆಯಣ್ಣ ಬೀಗದ ಕೈ ಕೊಟ್ಟು, ಹಗ್ಗ ಎಳಿ, ಅಷ್ಟೇ, ಅದರಲ್ಲೇನಿದೆ, ಅಂದ. ಅದರಲ್ಲೇನಿದೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪನ ಮೊದಲ ಗಂಟೆ ಆರಾಧನೆಗೆ ಒಂದು ತಾಸು ಮೊದಲು, ಹನ್ನೆರಡು ಪೆಟ್ಟು, ನಿಧಾನ, ಬಹಳ ನಿಧಾನ, ಅಪ್ಪನ ಹತ್ತಿರ ಗಡಿಯಾರ ಇರಲಿಲ್ಲ, ಒಂದು ಪೆಟ್ಟು, ಆಮೇಲೆ ಬಾಯೊಳಗೇ ಒಂದು ಪೂರ್ತಿ ಕರ್ತನ ಪ್ರಾರ್ಥನೆ, ಆಮೆನ್ ಅಂದ ಮೇಲೆ ಇನ್ನೊಂದು ಪೆಟ್ಟು, ಅವಸರ ಮಾಡ್ಬೇಡ, ಜನ ಎದ್ದು ಮುಖ ತೊಳೀಬೇಕು, ದೇವರೂ ತಯಾರಾಗ್ಬೇಕು, ಅನ್ನುತ್ತಿದ್ದರು, ಹಗ್ಗದ ತುದಿಗೆ ಅಮ್ಮನ ಹಳೇ ಸೀರೆಯ ತುಂಡು ಸುತ್ತಿತ್ತು, ಅಂಗೈ ಉಜ್ಜದಿರಲಿ ಅಂತ, ನಾನು ಅಪ್ಪನ ಕಾಲಿಗೆ ಅಂಟಿಕೊಂಡು ನಿಂತು ತುಟಿ ನೋಡುತ್ತಿದ್ದೆ, ಆಮೆನ್ನಿಗೆ ತುಟಿ ಮುಚ್ಚಿದೊಡನೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಸತ್ತರೆ ನಮ್ಮಲ್ಲಿ ಜೋಡಿ ಪೆಟ್ಟು, ಎರಡೆರಡು, ಕೇಳಿದವರಿಗೆ ತಪ್ಪುವ ಹಾಗೇ ಇಲ್ಲ. ಮುಂದಿನ ಭಾನುವಾರ ಇಲ್ಲಿ ಹೊಡೆದದ್ದು ಅಪ್ಪನ ಆ ಮೊದಲ ಗಂಟೆ, ಬಿಸಿಲು ಇನ್ನೂ ಗೋಪುರದ ಕಿಟಕಿಗೆ ಬಂದಿರಲಿಲ್ಲ, ಎಳೆದೆ, ಎದೆಗೆ ಬಂದು ತಾಗಿತು ದನಿ, ಪ್ರಾರ್ಥನೆ ಶುರು ಮಾಡಿದೆ, ಕೊನೆಮುಟ್ಟಿತು, ಒಂದು ಮಾತೂ ಕಳಚಿಕೊಳ್ಳದೆ ಕೆಳಗಿಳಿಯಿತು, ವರ್ಷದಲ್ಲಿ ಮೊದಲ ಸಲ, ಎರಡು, ಮೂರು, ಅಳುತ್ತಿದ್ದೆ ಅನ್ನಿಸುತ್ತದೆ, ನಾಲ್ಕು, ಕೆಳಗೆ ಬಾಗಿಲುಗಳು ತೆರೆಯುವ ಸದ್ದು, ಏಳುತ್ತಿದ್ದಾರೆ, ಮುಖ ತೊಳೆಯುತ್ತಿದ್ದಾರೆ ಅಂದುಕೊಂಡೆ, ಒಂಬತ್ತನೆಯ ಆಮೆನ್ನಿನ ಹೊತ್ತಿಗೆ ಅಂಚೆಯಣ್ಣ ಒಂದೇ ಚಪ್ಪಲಿಯಲ್ಲಿ ಓಡಿ ಬಂದು ಒಳ್ಳೆಯ ಕೈಯಿಂದ ನನ್ನ ಮಣಿಕಟ್ಟು ಹಿಡಿದ, ಯಾರು, ಯಾರು ಹೋದ್ರು, ಅಂದ. ಇಲ್ಲಿ ನಿಧಾನದ ಒಂಟಿ ಪೆಟ್ಟು ಅಂದರೆ ಸಾವು, ಹೋದವರ ವಯಸ್ಸಿಗೆ ಒಂದೊಂದು, ಆರಾಧನೆಗೆ ಹೊಡೆಯುವುದು ಬಿಡುವಿಲ್ಲದ ಗಡಿಬಿಡಿ ಗಂಟೆ, ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ. ಕಿಟಕಿಯಿಂದ ನೋಡಿದೆ, ಬೀದಿಯ ತುಂಬ ಜನ, ಅವರ ನಡುವೆ ಏಪ್ರನ್ ಹಾರಿಸಿಕೊಂಡು ಬ್ರೆಡ್ಡಕ್ಕ ಓಡುತ್ತಿದ್ದಳು, ದೇವಾಲಯಕ್ಕಲ್ಲ, ಇಲ್ಲಿಗೆ, ಈ ಬಾಗಿಲಿಗೆ, ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುವವರನ್ನು ನಾನು ನೋಡಿಲ್ಲ.

ಅಂಚೆಯಣ್ಣ ಬೈಯಲಿಲ್ಲ, ನಗಲೂ ಇಲ್ಲ, ಬೀದಿಗಿಳಿದು, ಯಾರೂ ಸತ್ತಿಲ್ಲ, ಹೊಸಬ, ಹೊಸಬ, ಅಂತ ಮನೆಮನೆಗೆ ಹೇಳಿಕೊಂಡು ಹೋದ, ಯಾರೂ ಸತ್ತಿಲ್ಲ ಅಂದರೆ ಸಾಕಲ್ಲ, ಹೊಸಬ ಅನ್ನಬೇಕಿತ್ತೇ. ಮುಂದಿನ ಎರಡು ಭಾನುವಾರ ಅವನು ಹೇಳಿಕೊಟ್ಟ ಗಡಿಬಿಡಿ ಗಂಟೆ ಹೊಡೆದೆ, ಮಧ್ಯೆ ಉಸಿರಿಗೇ ಜಾಗವಿಲ್ಲ, ಪ್ರಾರ್ಥನೆಗೆ ಎಲ್ಲಿಂದ, ಮತ್ತೆ ತುಟಿಯಿಂದ ಕೆಳಗೆ ಏನೂ ಇಳಿಯಲಿಲ್ಲ. ಕೆಲಸ ಮುಗಿಸಿ ಬೇಕರಿಗೆ ಹೋದೆ, ಕಟ್ಟೆಯ ಹಿಂದೆ ಬ್ರೆಡ್ಡಕ್ಕನ ಸೊಸೆ, ಅತ್ತೆ ಇಲ್ಲ, ಅಂದಳು, ಮಾರನೇ ದಿನವೂ ಸೊಸೆ, ಅದರ ಮಾರನೇ ದಿನವೂ, ಮೊದಲು ನನ್ನನ್ನು ನೋಡಿದರೆ ಒಲೆ ಬಿಟ್ಟು ಬರುತ್ತಿದ್ದವಳು ಬ್ರೆಡ್ಡಕ್ಕ, ಸಿಟ್ಟು ಅಂದರೆ ಇಷ್ಟು ಸಿಟ್ಟು. ಮಧ್ಯಾಹ್ನ ಮೂರಕ್ಕೆ ಮಾತ್ರ ಈ ಪಡಸಾಲೆಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳುತ್ತಿತ್ತು, ಚೀಲ ಹಿಡಿದು ಹದಿನಾಲ್ಕನೇ ರೂಮಿಗೆ, ದಿನಾ, ಹೆದರಿಕೆ ಹಿಡಿದಿದೆ ಪಾಪ, ನನ್ನಿಂದಲೇ ಹೆದರಿದ್ದಾಳೆ, ಅಕ್ಕ ಬದುಕಿದ್ದಾಳೋ ಇಲ್ಲವೋ ಅಂತ ದಿನಾ ನೋಡಿ ಹೋಗುತ್ತಾಳೆ ಅಂದುಕೊಂಡು ಸದ್ದು ಹತ್ತಿರ ಬಂದೊಡನೆ ಮೇಜಿನ ಕೆಳಗೆ ಬಿದ್ದ ದಾರದ ಬಾಬಿನ್ ಹುಡುಕುವವನ ಹಾಗೆ ಬಗ್ಗುತ್ತಿದ್ದೆ. ಹೋಗಿ ಒಂದು ಮಾತು ಕೇಳಿ ಬನ್ರೀ, ಅಂತ ಹೆಂಡತಿ, ಕೇಳಿದರೆ ಅಪಶಕುನ ಹೊಡೆದವನು ಅಂದುಬಿಟ್ಟರೆ, ಅಂತ ನಾನು, ಅವಳು ಪಾತ್ರೆ ತೊಳೆಯುವುದನ್ನು ಬಿಟ್ಟು ತಿರುಗಿದಳು, ಭಾನುವಾರ ವಿಶ್ವಾಸಪ್ರಮಾಣ ಹೇಳ್ತೀರ, ಸೋಮವಾರ ಬೆಕ್ಕು ಅಡ್ಡ ಬಂದ್ರೆ ನಿಲ್ತೀರ, ನಿಮ್ಮ ಹಗ್ಗದ ತುದೀಲಿ ದೇವರು ಜೋತಾಡ್ತಾ ಇದ್ದಾನಾ, ನೀವು ಎಳೆದ ಹಾಗೆ ಬರೋಕೆ. ಸರಿ ಅವಳ ಮಾತು, ನೂರಕ್ಕೆ ನೂರು ಸರಿ, ನಂಬಬಾರದು, ನಂಬುವುದಿಲ್ಲ, ಆದರೆ ನಿನ್ನೆ ಸಂಜೆ ಸುದ್ದಿ ಬಂದಾಗ ನಂಬದಿರುವ ನಾನೇ ಬೆರಳು ಮಡಚಿ ದಿನ ಎಣಿಸಿದೆ, ಹೆಂಡತಿ ಹತ್ತಿರ ಬಂದು ಕೂತಳು. ಇವತ್ತು ಎರಡು ಗಂಟೆಗೆ ಅಯ್ಯನವರು ಬರುತ್ತಾರೆ, ಬೀಗದ ಕೈ ಜೇಬಿನಲ್ಲಿದೆ, ಕೊಟ್ಟುಬಿಡುತ್ತೇನೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ, ನನ್ನ ಕೈ ಆಗಿಬರುವುದಿಲ್ಲ, ಅಪ್ಪನ ಗಂಟೆಯನ್ನು ಅಪ್ಪನ ಊರಿನಲ್ಲೇ ಬಿಟ್ಟು ಬರಬೇಕಿತ್ತು.

ಅಯ್ಯೋ, ಇದೇನು ಮಾಡುತ್ತಿದ್ದೇನೆ, ಮೇಜಿನ ಮೇಲೆ ಬಿಳಿ ಪುಡಿ, ತಲೆ ಎಲ್ಲೋ ಇದ್ದರೆ ಉಗುರು ತನ್ನ ಪಾಡಿಗೆ ಕೆರೆಯುತ್ತಿತ್ತು, ಕಲೆಯ ಒಂದು ತುದಿ ಹೋಗಿಯೇಬಿಟ್ಟಿದೆ, ಒಳಗೆ ನೂಲಿಗೆ ಅಂಟಿದ್ದು ಮಾತ್ರ ಉಳಿದಿದೆ, ಪೌಡರಲ್ಲ ಇದು, ಸುಣ್ಣವೂ ಅಲ್ಲ, ಕಲಸಿದ ಹಿಟ್ಟು ಒಣಗಿದ್ದು, ಸ್ವೆಟರನ್ನು ಬೆಳಕಿಗೆ ಹಿಡಿದೆ, ದೂರದಿಂದ ನೋಡಿದರೆ ಕಲೆಯಲ್ಲ, ಕೈ, ಒಂದು ಅಂಗೈ, ಹೆಬ್ಬೆರಳು, ತೋರುಬೆರಳು, ನಡುವಿನದು, ಉಂಗುರದ ಬೆರಳು, ಕಿರುಬೆರಳು ಇಲ್ಲ, ಕಿರುಬೆರಳು ಮೇಜಿನ ಮೇಲೆ ಪುಡಿಯಾಗಿ ಬಿದ್ದಿದೆ. ಚಪ್ಪಲಿಯ ಸದ್ದು. ಮೂರು ಗಂಟೆ ಆಗಿಲ್ಲವಲ್ಲ, ಹನ್ನೊಂದೂವರೆ, ಬಗ್ಗಲೇ, ಬಗ್ಗಲು ಹೊತ್ತಿಲ್ಲ, ಬಾಗಿಲಲ್ಲಿ ನಿಂತಿದ್ದಾಳೆ, ಏಪ್ರನ್ ಇಲ್ಲದ ಬ್ರೆಡ್ಡಕ್ಕನನ್ನು ನೋಡಿಯೇ ಇರಲಿಲ್ಲ ನಾನು, ಇಷ್ಟು ಸಣ್ಣ ಹೆಂಗಸೇ ಇವಳು, ಕಣ್ಣು ಊದಿದೆ, ಕೈ ತೊಳೆದು ಬಂದಿದ್ದಾಳೆ, ಉಗುರಿನ ಸಂದಿಯಲ್ಲೂ ಹಿಟ್ಟಿಲ್ಲ. ಅಕ್ಕಾ, ಅಂದೆ. ಎಲ್ಲಿ, ಬಾಬಿನ್ ಸಿಕ್ತಾ ಇವತ್ತು, ದಿನಾ ಬಾಗಿಲಲ್ಲಿ ಇಣುಕಿ ಇಣುಕಿ ಸಾಕಾಯ್ತು ನಂಗೆ, ಯಾವಾಗ ನೋಡಿದ್ರೂ ಮೇಜಿನ ಕೆಳಗೆ ಬೆನ್ನು ಕಾಣ್ಸುತ್ತೆ, ಅಷ್ಟೊಂದು ಬಾಬಿನ್ ಬೀಳುತ್ತಾ ನಿಂಗೆ — ಅಂದಳು, ಅನ್ನುತ್ತಲೇ ಅವಳ ಕಣ್ಣು ಸ್ವೆಟರಿನ ಮೇಲೆ ಹೋಯಿತು, ನಿಂತಿತು, ಆಮೇಲೆ ಮೇಜಿನ ಮೇಲಿನ ಪುಡಿಗೆ, ಆಮೇಲೆ ನನ್ನ ಉಗುರಿಗೆ.

ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು, ಅವಳು ಬಂದು ಸ್ವೆಟರನ್ನು ಮೇಜಿನ ಮೇಲೆ ಹರಡಿ ಆ ಬಿಳಿ ಕೈಯ ಮೇಲೆ ತನ್ನ ಕೈ ಇಟ್ಟಳು, ನಾನು ಅಳತೆ ನೋಡಿ ಬೆಳೆದವನು, ಕೂದಲೆಳೆ ವ್ಯತ್ಯಾಸವಿಲ್ಲ. ಹನ್ನೊಂದು ವರ್ಷ ತಮ್ಮಾ, ಅಂದಳು, ಹನ್ನೊಂದು ವರ್ಷ ನಾವಿಬ್ರೂ ಮಾತಾಡಿರ್ಲಿಲ್ಲ, ಅಮ್ಮ ತೀರಿಕೊಂಡ ದಿನ ಎಲ್ಲರ ಎದುರಿಗೆ ನನ್ನ ಬ್ರೆಡ್ಡು ಒಳಗೆ ಹಸಿ ಇದೆ ಅಂದ್ಬಿಟ್ಳು, ಇತ್ತೋ ಏನೋ, ಅವತ್ತು ಒಲೆ ಮೇಲೆ ಯಾರಿಗೆ ಗಮನ, ಅಷ್ಟಕ್ಕೇ ನಾನು ಅವಳ ಮನೆ ಮೆಟ್ಟಿಲು ಹತ್ತಲಿಲ್ಲ, ಅವಳು ಇಲ್ಲಿಗೆ ಬಂದು ಸೇರಿ ನಾಲ್ಕು ವರ್ಷ, ಎದುರು ಬೀದೀಲೇ ಇದ್ದೀನಿ, ಈ ಹೊಸ್ತಿಲೂ ದಾಟಲಿಲ್ಲ. ನನ್ನನ್ನು ಇಲ್ಲಿಗೆ ಕರೆತಂದ ದಿನ ಹೊಸ್ತಿಲ ಹೊರಗೆ ನಿಂತು ಒಲೆ ಉರೀತಾ ಇದೆ ಅಂದದ್ದು, ಅಂಚು ತಿಂದು ಬಿಟ್ಟ ಬ್ರೆಡ್ಡು, ಎಲ್ಲ ನನ್ನ ಕಣ್ಣೆದುರಿಗೇ ಇತ್ತಲ್ಲ. ಅವತ್ತು ನಿನ್ನ ಗಂಟೆ ಕೇಳ್ತು, ಹಿಟ್ಟು ಕಲಸ್ತಾ ಇದ್ದೆ, ಮೂರು, ನಾಲ್ಕು, ಐದು, ಅವಳೇ ಅಂತ ಹೊಟ್ಟೆಗೆ ಗೊತ್ತಾಗೋಯ್ತು, ಓಡಿ ಬಂದೆ, ನೋಡಿದ್ರೆ ಗಂಜಿ ಕುಡೀತಾ ಕೂತಿದ್ದಾಳೆ, ಏನೂ ಆಗದೆ ಇರೋರ ಹಾಗೆ, ಸಿಟ್ಟು ಬಂತು, ತಬ್ಬಿಕೊಂಡ್ಬಿಟ್ಟೆ, ಹಿಂಗೆ, ಬೆನ್ನ ಮೇಲೆ ಕೈ ಹಾಕಿ, ಅವಳು ಏನಂದ್ಲು ಗೊತ್ತಾ, ಹನ್ನೊಂದು ವರ್ಷದ ಮೇಲೆ ಮೊದಲ ಮಾತು, ಕೈ ತೊಳ್ಕೊಂಡು ಬರೋಕೆ ಆಗ್ಲಿಲ್ವಾ ನಿಂಗೆ, ಅಂದ್ಲು. ಅಷ್ಟು ಹೇಳಿ ನಕ್ಕಳು ಬ್ರೆಡ್ಡಕ್ಕ, ನಗು ನಡುವೆ ಎಲ್ಲೋ ಮುರಿಯಿತು, ಮೇಜಿನ ಅಂಚು ಹಿಡಿದುಕೊಂಡಳು. ಒಗೆಯೋಕೆ ಕೊಡು ಅಂದೆ, ಕೊಡಲಿಲ್ಲ, ಕುರ್ಚಿ ಬೆನ್ನಿಗೆ ತೂಗುಹಾಕ್ಕೊಂಡೇ ಕೂತಳು, ಇರ್ಲಿ, ಕೈ ತೊಳೀದೆ ಬಂದೋಳು ಯಾರು ಅಂತ ನೆನಪಿರ್ಲಿ, ಅಂತ. ಹದಿನೆಂಟು ದಿನ, ಕಟ್ಟೆ ಸೊಸೆಗೆ ಬಿಟ್ಟು ಇಲ್ಲಿಗೆ ಬರ್ತಿದ್ದೆ, ದಿನಾ ಮಧ್ಯಾಹ್ನ ಬ್ರೆಡ್ಡು ಕೊಯ್ದು ಕೊಟ್ರೆ ನಡುವಿನ ತುಂಡು ನನ್ನ ಕೈಯಿಂದ್ಲೇ ತಿಂತಿದ್ಲು, ಬೆಂದಿದೆ, ಪಾಸು, ಅಂತಿದ್ಲು.

ಅಕ್ಕಾ, ನನ್ನ ಗಂಟೆಯಿಂದಲೇ, ಅಂದೆ, ಅವರ ಭಾಷೆಯಲ್ಲಿ ಆ ಮಾತು ಹೇಗೆ ಕೂಡಿಸಿದೆನೋ, ಕೂಡಿತೋ ಇಲ್ಲವೋ, ಅವಳಿಗೆ ತಿಳಿಯಿತು. ನಿನ್ನ ಗಂಟೆಗೆ ಅಷ್ಟೊಂದು ಶಕ್ತಿ ಇದ್ದಿದ್ರೆ ಪಕ್ಕದಲ್ಲೇ ನಿಂತಿದ್ದ ಅಂಚೆಯೋನು ಮೊದಲು ಹೋಗ್ಬೇಕಿತ್ತು, ಅವಳ ಎದೆ ಕೆಟ್ಟು ಎರಡು ವರ್ಷ ಆಗಿತ್ತು, ಡಾಕ್ಟರು ಹೇಳಿದ್ರು, ಎಲ್ರಿಗೂ ಹೇಳಿದ್ರು, ಮಾತಾಡ್ದೆ ಇರೋ ತಂಗಿಗೆ ಯಾರು ಹೇಳ್ತಾರೆ, ನೀನು ಹೇಳ್ದೆ, ಅಂದಳು. ತೋಳಿನಲ್ಲಿ ಕಣ್ಣು ಒರೆಸಿಕೊಂಡೆ. ಬೀಗದ ಕೈ ಎಲ್ಲಿ, ಅಂದಳು, ಜೇಬು ಮುಟ್ಟಿ ತೋರಿಸಿದೆ, ಏಳು ಮತ್ತೆ, ಹನ್ನೆರಡಕ್ಕೆ ಹೊಡೀಬೇಕು, ಅವಳಿಗೆ ಎಪ್ಪತ್ತೊಂಬತ್ತು, ಒಂಬತ್ತು ನೀನು ಆಗ್ಲೇ ಹೊಡ್ದಿದ್ದೀಯ, ಉಳಿದ ಎಪ್ಪತ್ತು ಹೊಡೆದು ಮುಗಿಸು, ಅವತ್ತಿನ ಹಾಗೇ, ಅಷ್ಟೇ ನಿಧಾನ, ಅವಸರ ಮಾಡ್ಬೇಡ. ಅವಸರ ಮಾಡ್ಬೇಡ ಅಂತ ಅವಳು ಅಂದದ್ದೋ ಅಪ್ಪ ಅಂದದ್ದೋ. ಬ್ಲೇಡು ತೆಗೆದುಕೊಂಡೆ, ಕೊರಳಪಟ್ಟಿಯ ಹತ್ತಿರ ಕೈ ಹೋಯಿತು, ಅಭ್ಯಾಸ, ಅವಳು ಬ್ಲೇಡನ್ನು ಕಿತ್ತು ಮೇಜಿನ ಮೇಲಿಟ್ಟಳು, ಹೆಸರು ಇರ್ಲಿ, ಇದನ್ನ ನಾನು ಹಾಕ್ಕೋತೀನಿ, ಚಳಿ ಇದೆ, ಅಂದು ಸ್ವೆಟರನ್ನು ತೋಳಿಗೇರಿಸಿದಳು, ಅಕ್ಕ ಉದ್ದ, ಇವಳು ಗಿಡ್ಡ, ತೋಳು ಮೂರು ಬೆರಳು ಜಾಸ್ತಿ, ಮಡಚಿಕೊಡುತ್ತೇನೆ ಅಂದೆ, ಆಮೇಲೆ, ಅಂದಳು. ಕಿರುಬೆರಳು ಹೋಯಿತಲ್ಲ ಅಕ್ಕಾ, ನನ್ನ ಉಗುರು — ಅಂದೆ, ಹೋಗ್ಲಿ ಬಿಡು, ನಾಲ್ಕು ಸಾಕು.

ಬೀದಿ ದಾಟುವಾಗ ಅವಳು ಮುಂದೆ, ನಾನು ಹಿಂದೆ, ಗೋಪುರದ ಒಳಗೆ ಕತ್ತಲೆ, ತೆರೆದ ಬಾಗಿಲಿಗೆ ಎದುರಾಗಿ ಹೊರಗಿನ ಬೆಂಚಿನ ಮೇಲೆ ಅವಳು ಕೂತಳು, ನನಗೆ ಬೆನ್ನು ಮಾಡಿ, ಬೀದಿಯ ಕಡೆ ಮುಖ, ಅಂಚೆಯಣ್ಣ ದೂರದಲ್ಲಿ ಟೋಪಿ ತೆಗೆದು ನಿಂತಿದ್ದಾನೆ, ಹಗ್ಗ ತಣ್ಣಗಿದೆ, ತುದಿಗೆ ಒಂದು ಬಟ್ಟೆ ಸುತ್ತಬೇಕು, ನಾಳೆ ತರುತ್ತೇನೆ, ನಾಳೆ ಅಂದೆನೇ, ಹಾಗಾದರೆ ಬೀಗದ ಕೈ ಕೊಡುವುದಿಲ್ಲವೇ ನಾನು, ಇಲ್ಲ, ಕೊಡುವುದಿಲ್ಲ. ಎಳೆದೆ. ಹತ್ತು. ಎದೆಗೆ ಬಂದು ತಾಗಿತು, ಬಾಗಿಲುಗಳು ತೆರೆಯುತ್ತವೆ, ಯಾರೂ ಓಡುವುದಿಲ್ಲ, ಪ್ರಾರ್ಥನೆ ಅಪ್ಪನ ತುಟಿಯಿಂದ ನನ್ನ ತುಟಿಗೆ, ತುಟಿಯಿಂದ ಕೆಳಗೆ, ಇನ್ನೂ ಕೆಳಗೆ, ಯಾವ ಮಾತೂ ಎಲ್ಲೂ ಸಿಕ್ಕಿಕೊಳ್ಳದೆ, ಆಮೆನ್, ಹನ್ನೊಂದು, ಟೀಚರಮ್ಮ ಕನ್ನಡಕ ಏರಿಸಿ ಕೇಳುತ್ತಿದ್ದಾರೆ, ಹೊಲಿಗೆ ನೇರ ಇದೆಯೇ, ಆಮೆನ್, ಹನ್ನೆರಡು, ಅಪ್ಪನ ಲೆಕ್ಕ ಇಲ್ಲಿಗೆ ಮುಗಿಯುತ್ತಿತ್ತು, ನನ್ನದು ಮುಗಿಯುವುದಿಲ್ಲ, ಹದಿಮೂರು, ಸಂಜೆ ಹೆಂಡತಿ ಬಸ್ಸಿಳಿದರೆ ಹೇಳಬೇಕು, ಕಳೆದದ್ದನ್ನೂ ಸಿಕ್ಕಿದ್ದನ್ನೂ, ಎರಡನ್ನೂ ಹೇಳಬೇಕು, ಹದಿನಾಲ್ಕು, ಬೆಂಚಿನ ಮೇಲಿನ ಬೆನ್ನು ಪ್ರತಿ ಪೆಟ್ಟಿಗೆ ಒಂದು ಸಲ ಅಲುಗುತ್ತದೆ, ನೀಲಿ ಬೆನ್ನು, ಆ ಬೆನ್ನ ಮೇಲೆ ಅವಳದೇ ಕೈ, ಅವಳಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ, ಹದಿನೈದು, ಯಾರೋ ಹಿಂದಿನಿಂದ ಬಂದು ಇಟ್ಟ ಹಾಗೆ, ಇಟ್ಟು ತೆಗೆಯದ ಹಾಗೆ, ಆಮೆನ್, ಹದಿನಾರು, ನೀಲಿಯ ಮೇಲೆ ಬಿಳಿ ಕೈ, ಹದಿನೇಳು, ಬಿಳಿ ಕೈ, ನಾಲ್ಕು ಬೆರಳಿನ ಬಿಳಿ ಕೈ,